ಯಾವ ಹೊಳಿ ಮೀನಿದು?

ಹುಬ್ಬಳ್ಳಿಯ ಮೀನು ಮಾರುಕಟ್ಟೆಗೆ ಮೊದಲ ಸಲ ಕೆಲಸಕ್ಕೆಂದು ಹೋದಾಗ ನನ್ನ ಚೀಲದಲ್ಲಿ ಇದ್ದದ್ದು ಒಂದು ಸಣ್ಣ ಕತ್ತರಿ, ಸ್ಪಿರಿಟ್ ದೀಪ, ಆಲ್ಕೋಹಾಲ್ ತುಂಬಿದ ಮೂವತ್ತು ಪುಟ್ಟ ಪ್ಲಾಸ್ಟಿಕ್ ಟ್ಯೂಬು. ಬಾಳಿ ಮೀನು ಇಟ್ಟುಕೊಂಡಿದ್ದ ಒಬ್ಬಾಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಲದ ರೆಕ್ಕೆಯ ತುದಿಯಿಂದ ಕೊತ್ತಂಬರಿ ಬೀಜದಷ್ಟು ಚೂರು ಕತ್ತರಿಸಿಕೊಂಡೆ. ಆಕೆ ನನ್ನನ್ನೇ ನೋಡುತ್ತಿದ್ದಳು.

“ಯವ್ವಾ, ಮೀನಾ ಬ್ಯಾಡಾ, ಬರೇ ಬಾಲದ ತುದಿ ಸಾಕೇನು ನಿನಗ?”

“ಇಷ್ಟಽ ಸಾಕ್ರಿ ಅಕ್ಕಾ. ಇದು ಯಾವ ಹೊಳಿ ಮೀನ್ರಿ?”

“ಮಲಪ್ರಭಾದ್ದು ಬರ್ಕೋ.”

ಬರೆದುಕೊಂಡೆ. ಹೀಗೆ ಮೂರ್ನಾಲ್ಕು ವಾರದಲ್ಲಿ ಹತ್ತೊಂಬತ್ತು ‘ಮಲಪ್ರಭಾ’ ಟ್ಯೂಬುಗಳಾದವು. ಅವುಗಳ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ. ಮೊದಲು ಈ ಮೀನಿನ ಮಾತು.

ಪುಸ್ತಕದಲ್ಲಿ ಬಾಳೆ ಮೀನು, ನಮ್ಮ ಕಡೆ ಬಾಳಿ. ವೈಜ್ಞಾನಿಕ ಹೆಸರು ವಲ್ಲಾಗೊ ಅಟ್ಟು, ಇಟ್ಟದ್ದು 1801ರಲ್ಲಿ. ಮೈಮೇಲೆ ಒಂದೂ ಹುರುಪೆ ಇಲ್ಲ, ಕೈಯಲ್ಲಿ ಹಿಡಿದರೆ ಲೋಳೆ. ಎರಡು ಜೊತೆ ಮೀಸೆ. ಬೆನ್ನ ಮೇಲಿನ ರೆಕ್ಕೆ ಹೆಸರಿಗಷ್ಟೇ, ಹೊಟ್ಟೆಯ ಕೆಳಗಿನದು ಮಾತ್ರ ಸೀರೆಯ ಅಂಚಿನ ಹಾಗೆ ಬಾಲದವರೆಗೂ ಹರಿದಿರುತ್ತದೆ. ಗುರುತು ಹಿಡಿಯಲು ನಾನು ನಂಬುವುದು ಬಾಯಿಯನ್ನು: ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಇದರ ಮರಿಯನ್ನೇ ಹೋಲುವ ಚಿಕ್ಕ ಜಾತಿಯ ಮೀನುಗಳುಂಟು, ಅವುಗಳ ಬಾಯಿ ಕಣ್ಣಿನ ಮುಂದೆಯೇ ಮುಗಿಯುತ್ತದೆ. ಬೇರೆ ಮೀನನ್ನು ತಿಂದೇ ಬದುಕುವ ಬೇಟೆಗಾರ. ಮಳೆಗಾಲದಲ್ಲಿ ಹೊಳೆ ಉಕ್ಕಿ ದಂಡೆಯ ತಗ್ಗುಗಳಿಗೆ ನೀರು ನುಗ್ಗಿದಾಗ ಅಲ್ಲಿಗೆ ಹೋಗಿ ಮೊಟ್ಟೆ ಇಡುತ್ತದೆ. ಹೊಳೆ ಉಕ್ಕದಿದ್ದರೆ, ಉಕ್ಕಿದರೂ ತಗ್ಗುಗಳೆಲ್ಲ ಕಬ್ಬಿನ ಗದ್ದೆಯಾಗಿದ್ದರೆ, ಮೊಟ್ಟೆಗೆ ಜಾಗವಿಲ್ಲ.

“ಸಂತಿಯೊಳಗ ಮಾರೋ ಮೀನಾ ಅದ ಹೆಂಗ ಅಳಿವಿನಂಚಿಗೆ ಬಂತು?” ಎಂದು ಮನೆಯಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಜಗತ್ತಿನ ಜೀವಿಗಳ ಅಳಿವು-ಉಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಬಾಳಿ ಈಗ ಅಪಾಯಕ್ಕೆ ಸಿಲುಕಿದ ಜೀವಿಗಳ ಸಾಲಿನಲ್ಲಿದೆ. ಪಾಕಿಸ್ತಾನದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ ಮೀನು ಒಮ್ಮೆಲೇ ಎಲ್ಲ ಕಡೆ ಇಲ್ಲವಾಗುವುದಿಲ್ಲ. ಈ ಹೊಳೆಯಲ್ಲಿ ಮುಗಿಯುತ್ತದೆ, ಆಮೇಲೆ ಆ ಹಳ್ಳದಲ್ಲಿ. ಪಟ್ಟಿಯಲ್ಲಿ ಜಾತಿ ಒಂದೇ ಇರಬಹುದು, ನೀರಿನಲ್ಲಿ ಅದು ಬೇರೆ ಬೇರೆ ಗುಂಪುಗಳಾಗಿ ಬದುಕುತ್ತಿದ್ದರೆ ಪ್ರತಿ ಗುಂಪೂ ತನ್ನದೇ ಏನನ್ನೋ ಹೊತ್ತುಕೊಂಡು ಹೋಗುತ್ತದೆ. ಮಲಪ್ರಭೆಯ ಬಾಳಿಯೂ ತುಂಗಭದ್ರೆಯ ಬಾಳಿಯೂ ಒಂದೇ ಬಳಗವೋ, ಬೇರೆಯಾದ ಎರಡು ಮನೆಗಳೋ? ರೆಕ್ಕೆಯ ಚೂರಿನ ಡಿಎನ್‌ಎ ಓದಿ ಅದನ್ನು ತಿಳಿಯುವುದು, ನನ್ನ ಕೆಲಸ ಇಷ್ಟೇ.

ಈ ಪ್ರಶ್ನೆ ಕೇಳಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗವಿಲ್ಲ ಎಂದೇ ನನ್ನ ಅಭಿಪ್ರಾಯ. ಧಾರವಾಡ ಕೂತಿರುವುದೇ ನೀರು ಇಬ್ಭಾಗವಾಗುವ ದಿಬ್ಬದ ಮೇಲೆ. ಊರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆ, ಬೇಡ್ತಿಯಾಗಿ ಪಡುವಣಕ್ಕಿಳಿದು ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಮಗ್ಗುಲಿನದು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. (ತುಪ್ಪ, ಬೆಣ್ಣೆ ಎಂದು ಹೆಸರಿಟ್ಟವರು ಪ್ರವಾಹದಲ್ಲಿ ಅವುಗಳ ಅವತಾರ ನೋಡಿರಲಿಕ್ಕಿಲ್ಲ.) ಗದಗ ಜಿಲ್ಲೆಯದೂ ಹೀಗೇ. ಉತ್ತರದ ನರಗುಂದ, ರೋಣದ ನೀರು ಮಲಪ್ರಭೆಗೆ. ದಕ್ಷಿಣದ ಮುಂಡರಗಿ, ಶಿರಹಟ್ಟಿಯ ನೀರು ತುಂಗಭದ್ರೆಗೆ. ಹೊಳೆಆಲೂರಿನಲ್ಲಿ ಚಹಾ ಕುಡಿದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂಡರಗಿಯ ಹಮ್ಮಿಗಿ ಬ್ಯಾರೇಜಿನ ದಂಡೆಗೆ ಹೋಗಬಹುದು.

ಮೀನಿಗೆ ಬಸ್ಸಿಲ್ಲ. ಹೊಳೆಆಲೂರಿನ ಬಾಳಿ ಹಮ್ಮಿಗಿಗೆ ಬರಬೇಕೆಂದರೆ ಮಲಪ್ರಭೆಯಗುಂಟ ಕೂಡಲಸಂಗಮಕ್ಕೆ ಇಳಿಯಬೇಕು, ಕೃಷ್ಣೆಗೆ ಬಿದ್ದು 1982ರ ನಾರಾಯಣಪುರ ಅಣೆಕಟ್ಟು ದಾಟಬೇಕು, ರಾಯಚೂರಿನ ಸೀಮೆ ದಾಟಿ ಶ್ರೀಶೈಲದ ಹಿನ್ನೀರಿನ ಸಂಗಮೇಶ್ವರದವರೆಗೆ ಹೋಗಬೇಕು. ಅಲ್ಲಿ ತುಂಗಭದ್ರೆಗೆ ತಿರುಗಿ, ಕರ್ನೂಲು, ಮಂತ್ರಾಲಯ ಹಾಯ್ದು, ಪ್ರವಾಹಕ್ಕೆ ಎದುರಾಗಿ ಹೊಸಪೇಟೆಗೆ ಬಂದರೆ ಎದುರಿಗೆ 1953ರ ಅಣೆಕಟ್ಟು. ಅದನ್ನು ಹಾರುವ ಮೀನು ಇನ್ನೂ ಹುಟ್ಟಿಲ್ಲ. ಅಣೆಕಟ್ಟುಗಳು ಇಲ್ಲದ ಕಾಲದಲ್ಲೂ ಇದು ದೂರದ ದಾರಿಯೇ. ಹಾಗಾಗಿ ಎರಡು ಹೊಳೆಗಳ ಬಾಳಿಯಲ್ಲಿ ವ್ಯತ್ಯಾಸ ಕಂಡರೂ ಅದಕ್ಕೆ ಕಾರಣ ಅಣೆಕಟ್ಟೋ ದಾರಿಯೋ ಎನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಆ ಹತ್ತೊಂಬತ್ತು ಟ್ಯೂಬುಗಳ ಕಥೆ. ಐದಾರು ತಿಂಗಳು ಕಳೆದಿತ್ತು. ಅದೇ ಅಕ್ಕನ ಹತ್ತಿರ ಕೂತಿದ್ದಾಗ ಹಮಾಲ ಥರ್ಮೋಕೋಲ್ ಡಬ್ಬಿ ತಂದು ಇಳಿಸಿದ. ಮುಚ್ಚಳಕ್ಕೆ ಸುತ್ತಿದ್ದ ಟೇಪನ್ನು ಆಕೆ ಕುಯ್ಯುವಾಗ ನನ್ನ ಕಣ್ಣು ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಅಕ್ಷರಗಳ ಮೇಲೆ ಬಿತ್ತು. ತೆಲುಗು. ಒಳಗೆ ಮಂಜುಗಡ್ಡೆಯ ನಡುವೆ ಮೂರು ದೊಡ್ಡ ಬಾಳಿ.

“ಅಕ್ಕಾ, ಇವೂ ಮಲಪ್ರಭಾದ್ದವಽ?”

“ಗಾಡಿಯೊಳಗ ಬರ್ತಾವ. ಗಿರಾಕಿ ಕೇಳಿದ್ರ ಏನರ ಒಂದು ಹೊಳಿ ಹೆಸರು ಹೇಳ್ಬೇಕಲ್ಲವ್ವಾ.”

ಆಕೆಯದು ಸುಳ್ಳು ಎನ್ನಲಾರೆ. ಆಕೆಯ ಗಿರಾಕಿಗೆ ಕೆರೆ ಮೀನೋ ಹೊಳೆ ಮೀನೋ ಅಂತ ತಿಳಿದರೆ ಸಾಕು, ರುಚಿಯ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಗಿರಾಕಿಗೆ ಹೇಳುವ ಉತ್ತರವನ್ನು ದಾಖಲೆ ಅಂತ ಬರೆದುಕೊಂಡವಳು ನಾನು. ಅವತ್ತು ಸಂಜೆ ಧಾರವಾಡಕ್ಕೆ ವಾಪಸು ಬಂದು ಹತ್ತೊಂಬತ್ತೂ ಟ್ಯೂಬುಗಳನ್ನು ಬೇರೆ ಡಬ್ಬಿಗೆ ಹಾಕಿ ‘ವಿಳಾಸವಿಲ್ಲದವು’ ಎಂದು ಬರೆದೆ. ಜಾತಿ ಗುರುತಿಸುವುದನ್ನು ಕಲಿಯಲು, ಪಿಸಿಆರ್ (ಡಿಎನ್‌ಎಯ ಬೇಕಾದ ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನ) ಕೈಗೂಡಿಸಿಕೊಳ್ಳಲು ಅವು ಉಪಯೋಗಕ್ಕೆ ಬಂದವು. ಹೊಳೆ-ಹೊಳೆಯ ಹೋಲಿಕೆಗೆ ಒಂದೂ ಇಲ್ಲ. ಅವೇ ಹತ್ತೊಂಬತ್ತನ್ನು ಇಟ್ಟುಕೊಂಡು ಲೆಕ್ಕ ಹಾಕಿದ್ದರೆ ಕಂಪ್ಯೂಟರು ಏನೂ ತಕರಾರು ಮಾಡದೆ ಉತ್ತರ ಕೊಡುತ್ತಿತ್ತು. ಹೆದರಿಕೆ ಬಂದದ್ದು ಅದಕ್ಕೇ.

ಅಲ್ಲಿಂದ ಮುಂದೆ ಒಂದು ನಿಯಮ ಮಾಡಿಕೊಂಡೆ: ಬಲೆಯಿಂದ ಬಿಡಿಸುವುದನ್ನು ಕಣ್ಣಾರೆ ನೋಡದ ಮೀನಿನ ಚೂರು ಬೇಡ. ಹೀಗೆ ಹಾವೇರಿ ಜಿಲ್ಲೆಯ ಚೌಡಯ್ಯದಾನಪುರದ ದಂಡೆಗೆ ಹೋಗುವುದು ರೂಢಿಯಾಯಿತು. ಅಂಬಿಗರ ಚೌಡಯ್ಯನ ಊರು. ಮುಕ್ತೇಶ್ವರ ಗುಡಿಯ ಬೆನ್ನಿಗೇ ತುಂಗಭದ್ರೆ. ಅಲ್ಲಿಂದ ಕೆಳಕ್ಕೆ ಗಳಗನಾಥದಲ್ಲಿ ವರದೆ ಬಂದು ಸೇರುತ್ತಾಳೆ. ಹರಿಗೋಲು ಹಾಕುವ ಒಬ್ಬ ಹಿರಿಯರು ಜೊತೆಯಾದರು. ಅವರ ಹೆಸರು ಬೇಡ, ನಾನು ಕಾಕಾ ಅನ್ನುತ್ತೇನೆ. ಮೊದಲ ದಿನ ನನ್ನ ಜಿಪಿಎಸ್ ನೋಡಿ, “ಇದು ಹೊಳಿ ಆಳ ಹೇಳ್ತೈತೇನು?” ಎಂದರು. ಇಲ್ಲ ಎಂದೆ. “ಹಂಗಾರ ಮೀನಾ ಎಲ್ಲೈತಿ ಅಂತ ಇದಕ್ಕೇನು ಗೊತ್ತು?”

ನಸುಕಿನಲ್ಲಿ ಬಲೆ ಎತ್ತುತ್ತಾರೆ. ಬಾಳಿ ಬಿದ್ದಿದ್ದರೆ ಮೊದಲು ಕಾಣುವುದು ಬಾಯಿ. ಕಾಕಾ ಒದ್ದೆ ಗೋಣಿತಟ್ಟನ್ನು ಅದರ ತಲೆಯ ಮೇಲೆ ಹಾಕಿ ಒತ್ತಿ ಹಿಡಿಯುತ್ತಾರೆ, ಇಲ್ಲದಿದ್ದರೆ ಬೆರಳು ಹೋಗುತ್ತದೆ. ನಾನು ಕತ್ತರಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ದೀಪಕ್ಕೆ ಹಿಡಿದು, ಆರಿಸಿ, ರೆಕ್ಕೆಯ ತುದಿ ಕತ್ತರಿಸುತ್ತೇನೆ. ಪ್ರತಿ ಮೀನಿಗೂ ಕತ್ತರಿ ಸುಡಲೇಬೇಕು. ಹಿಂದಿನ ಮೀನಿನ ಲೋಳೆ ಒಂದು ಹನಿ ಅಂಟಿದ್ದರೂ ಎರಡು ಮೀನುಗಳ ಡಿಎನ್‌ಎ ಕಲಬೆರಕೆಯಾಗುತ್ತದೆ. ಹರಿಗೋಲಿನಲ್ಲಿ ದೀಪ ಹಚ್ಚುವುದು ಮಾತ್ರ ಸರ್ಕಸ್ಸು. ಕತ್ತರಿಸಿದ ರೆಕ್ಕೆ ಮತ್ತೆ ಬೆಳೆಯುತ್ತದೆ, ಮೀನಿಗೆ ತೊಂದರೆಯಿಲ್ಲ. ಆದರೆ ಮಾರುವ ಮೀನನ್ನು ಮರಳಿ ನೀರಿಗೆ ಬಿಡಿ ಎನ್ನುವ ಅಧಿಕಾರ ನನಗಿಲ್ಲ, ಅವರ ದಿನದ ದುಡಿಮೆ ಅದು. ಮರಿಗಳನ್ನಷ್ಟೇ ಬಿಡಿಸಿದ್ದೇನೆ.

ಇಲ್ಲೇ ಎರಡನೇ ಪೆಟ್ಟು ಬಿತ್ತು. ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರು ಬರೆದಿದ್ದೆ. ರಾಣೆಬೆನ್ನೂರು ದಾಟುವಷ್ಟರಲ್ಲಿ ಒಂದು ಟ್ಯೂಬಿನ ಮುಚ್ಚಳ ಸಡಿಲಾಗಿ ಆಲ್ಕೋಹಾಲ್ ಸೋರಿ, ಡಬ್ಬಿಯಲ್ಲಿದ್ದ ಎಲ್ಲ ಟ್ಯೂಬುಗಳ ನಂಬರು ನೀಲಿ ನೀರಾಗಿ ತೊಳೆದುಹೋಗಿತ್ತು. ಎಂದೂ ಅಳಿಸದ ಶಾಯಿ ಎಂದು ಪೆನ್ನಿನ ಮೇಲೆ ಬರೆದಿರುತ್ತದೆ. ಆಲ್ಕೋಹಾಲಿಗೆ ಅದನ್ನು ಓದಲು ಬರುವುದಿಲ್ಲ. ಈಗ ದಪ್ಪ ಕಾಗದದ ಸಣ್ಣ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕುತ್ತೇನೆ. ಪೆನ್ಸಿಲ್ ಸೀಸ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಈ ಕೆಲಸಕ್ಕೆ ಇಳಿಯುವ ಹುಡುಗರಿಗೆ ನಾನು ಕೊಡುವ ಮೊದಲ ಸಾಮಾನು ಎರಡು ರೂಪಾಯಿಯ ಪೆನ್ಸಿಲು. ಇನ್ನೊಂದು ಮಾತು: ನೂರಕ್ಕೆ 95ರಷ್ಟು ಗಟ್ಟಿಯ ಆಲ್ಕೋಹಾಲ್ ಹಾಕಿದರೂ ಚೂರಿನಿಂದ ನೀರು ಬಿಟ್ಟು ಅದು ತೆಳ್ಳಗಾಗುತ್ತದೆ, ಮರುದಿನ ಒಮ್ಮೆ ಬದಲಿಸಿ. ಫಾರ್ಮಲಿನ್ ಹತ್ತಿರ ಸುಳಿಯಬೇಡಿ. ಮ್ಯೂಸಿಯಂ ಮೀನಿಗೆ ಅದು ಸರಿ, ಡಿಎನ್‌ಎಗೆ ವಿಷ.

ಲ್ಯಾಬಿನ ಕೆಲಸ ಅಡುಗೆಮನೆಯ ಕೆಲಸವೇ. ಚೂರನ್ನು ಸಾಬೂನಿನಂಥ ದ್ರಾವಣದಲ್ಲಿ, ಪ್ರೋಟೀನ್ ಕರಗಿಸುವ ಕಿಣ್ವದ ಜೊತೆ 56 ಡಿಗ್ರಿಯಲ್ಲಿ ರಾತ್ರಿಯಿಡೀ ನೆನೆಯಿಡುತ್ತೇವೆ. ಬೆಳಿಗ್ಗೆ ಫೀನಾಲ್, ಕ್ಲೋರೋಫಾರ್ಮ್ ಹಾಕಿ ಗಿರಗಿರ ತಿರುಗಿಸಿದರೆ ಎರಡು ಪದರ: ಮೇಲಿನ ತಿಳಿಯಲ್ಲಿ ಡಿಎನ್‌ಎ, ನಡುವಿನ ಬಿಳಿ ಕೆನೆಯಲ್ಲಿ ಪ್ರೋಟೀನು. ಮೇಲಿನ ತಿಳಿಯಷ್ಟನ್ನೇ ಎತ್ತಬೇಕು. ಆಸೆಬುರುಕತನದಿಂದ ಕೊನೆಯ ಹನಿಗೂ ಕೈಹಾಕಿದರೆ ಕೆನೆ ಬಂದುಬಿಡುತ್ತದೆ. ಆಮೇಲೆ ತಣ್ಣನೆಯ ಆಲ್ಕೋಹಾಲ್. ವಿಡಿಯೋಗಳಲ್ಲಿ ಶಾವಿಗೆಯ ಎಳೆಯ ಹಾಗೆ ಡಿಎನ್‌ಎ ತೇಲಿ ಬರುವುದು ನೋಡಿರುತ್ತೀರಿ. ಕೊತ್ತಂಬರಿ ಬೀಜದಷ್ಟು ರೆಕ್ಕೆಯಿಂದ ಶಾವಿಗೆ ಬರುವುದಿಲ್ಲ. ಟ್ಯೂಬಿನ ತಳದಲ್ಲಿ ಉಸಿರು ಬಿಟ್ಟಂಥ ಒಂದು ಮಸುಕು, ಅಷ್ಟೇ. ನಾಲ್ಕು ಸಲ ಅದನ್ನು ಸಿಂಕಿಗೆ ಚೆಲ್ಲಿದ್ದೇನೆ. ಈಗ ಟ್ಯೂಬಿನ ಹಿಂಜನ್ನು (ಮುಚ್ಚಳದ ಕೀಲನ್ನು) ಹೊರಮುಖ ಮಾಡಿಯೇ ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜಿಗೆ ಇಡುತ್ತೇನೆ. ಕಾಣದಿದ್ದರೂ ಹಿಂಜಿನ ಕೆಳಗೇ ಕೂತಿರುತ್ತದೆ ಎಂದು ಗೊತ್ತಿರುತ್ತದಲ್ಲ.

ನಾವು ಮೊದಲು ಓದಿದ್ದು ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ತಯಾರಿಸುವ, ತನ್ನದೇ ಡಿಎನ್‌ಎ ಇರುವ ಪುಟ್ಟ ಅಂಗದ) ಸೈಟೊಕ್ರೋಮ್ ಬಿ ಜೀನ್, ಸುಮಾರು 1140 ಅಕ್ಷರ. ಇದೇಕೆ ಎಂದರೆ, ನಮ್ಮ ಕಡೆಯ ಅಡ್ಡಹೆಸರು ನೆನಪಿಸಿಕೊಳ್ಳಿ. ಒಂದು ಊರಲ್ಲಿ ನಲವತ್ತು ಮನೆಗೂ ಒಂದೇ ಅಡ್ಡಹೆಸರಿದ್ದರೆ ಹಿಂದೆ ಎಲ್ಲೋ ಒಂದೇ ಮನೆಯಿಂದ ಕವಲೊಡೆದಿದ್ದಾರೆ ಎಂದು ಊಹಿಸುತ್ತೇವೆ. ಪಕ್ಕದೂರಿನಲ್ಲಿ ಬೇರೆಯೇ ಅಡ್ಡಹೆಸರುಗಳಿದ್ದರೆ ಎರಡೂ ಊರಿನ ನಡುವೆ ಒಕ್ಕಲು ಬದಲಾಗಿದ್ದು ಕಡಿಮೆ. ಮೈಟೊಕಾಂಡ್ರಿಯದ ಡಿಎನ್‌ಎ ಮೀನಿನ ಅಡ್ಡಹೆಸರು. ಒಂದೇ ವ್ಯತ್ಯಾಸ, ಅದು ತಾಯಿಯಿಂದಷ್ಟೇ ಬರುತ್ತದೆ. ಇಂಥ ಒಂದೊಂದು ಅಡ್ಡಹೆಸರಿಗೂ ಹ್ಯಾಪ್ಲೊಟೈಪ್ ಎನ್ನುತ್ತಾರೆ. ಯಾವ ಹೊಳೆಯಲ್ಲಿ ಎಷ್ಟು ಬಗೆ, ಎಷ್ಟು ಹಂಚಿಕೆಯಾಗಿವೆ ಎಂದು ಎಣಿಸಬೇಕು.

ಮೊದಲ ಸೀಕ್ವೆನ್ಸುಗಳು ಬಂದ ದಿನ ನಾನು ಅತ್ತಿದ್ದೆ. ಜೀನ್ ಸರಿಯಾಗಿದ್ದರೆ ನಡುವೆ ‘ಇಲ್ಲಿಗೆ ನಿಲ್ಲಿಸು’ ಎಂಬ ಸಂಕೇತ ಬರಬಾರದು. ನನ್ನ ಪರದೆಯ ಮೇಲೆ ಹತ್ತು ಹೆಜ್ಜೆಗೊಂದು ನಿಲ್ದಾಣ, ಹುಬ್ಬಳ್ಳಿ-ಧಾರವಾಡದ ಸಿಟಿ ಬಸ್ಸಿನ ಹಾಗೆ. ತಿಂಗಳುಗಟ್ಟಲೆ ಮಾಡಿದ್ದೆಲ್ಲ ಹಾಳಾಯಿತು ಅಂದುಕೊಂಡೆ. ಗೈಡ್ ಬಂದು ನೋಡಿ, ನಕ್ಕು, ತಂತ್ರಾಂಶದಲ್ಲಿ ಒಂದು ಮೆನು ತೆರೆದರು. ನಾನು ಸಾಮಾನ್ಯ ಸಂಕೇತ ಪಟ್ಟಿಯನ್ನೇ ಇಟ್ಟಿದ್ದೆ. ಬೆನ್ನೆಲುಬಿರುವ ಪ್ರಾಣಿಗಳ ಮೈಟೊಕಾಂಡ್ರಿಯಕ್ಕೆ ಬೇರೆ ಪಟ್ಟಿ ಇದೆ, ಅದರಲ್ಲಿ ಟಿಜಿಎ ಎಂಬ ಮೂರಕ್ಷರ ಎಂದರೆ ನಿಲುಗಡೆಯಲ್ಲ, ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ. ಪಟ್ಟಿ ಬದಲಿಸಿದ್ದೇ ತಡ ನಿಲ್ದಾಣಗಳೆಲ್ಲ ಮಾಯ. ಪಟ್ಟಿ ಸರಿಯಿದ್ದೂ ನಿಲುಗಡೆ ಕಂಡರೆ ಮಾತ್ರ ಅನುಮಾನಿಸಬೇಕು: ಒಂದೋ ಓದುವಲ್ಲಿ ತಪ್ಪಿದೆ, ಇಲ್ಲವೇ ಜೀನಿನ ಹಳೆಯ ನಕಲೊಂದು ಮುಖ್ಯ ಡಿಎನ್‌ಎಯೊಳಗೆ ಸೇರಿಕೊಂಡು ಮೋಸ ಮಾಡುತ್ತಿದೆ.

ಈಗ ಅಣೆಕಟ್ಟಿನ ಪ್ರಶ್ನೆ. ಎರಡು ಹೊಳೆಗಳ ನಡುವೆ ಅಡ್ಡಹೆಸರುಗಳು ಬೇರೆ ಕಂಡರೆ ಅಣೆಕಟ್ಟಿನಿಂದಲೇ ಹೀಗಾಯಿತು ಎಂದು ಬರೆಯುವ ಆಸೆ ಬಹಳ ಇರುತ್ತದೆ. ಪತ್ರಿಕೆಯವರಿಗೂ ಅದೇ ಬೇಕು. ಆದರೆ ಮೈಟೊಕಾಂಡ್ರಿಯದ ಅಕ್ಷರಗಳು ಬದಲಾಗುವುದು ಸಾವಿರಾರು ವರ್ಷಗಳ ಲೆಕ್ಕದಲ್ಲಿ. ಹೊಸಪೇಟೆಯ ಅಣೆಕಟ್ಟಿಗೆ ಎಪ್ಪತ್ತು ಚಿಲ್ಲರೆ ವರ್ಷ. ಬಾಳಿಯ ಒಂದು ತಲೆಮಾರನ್ನು ಮೂರು ವರ್ಷ ಎಂದಿಟ್ಟುಕೊಂಡರೂ ಕಳೆದದ್ದು ಇಪ್ಪತ್ತೈದರ ಆಸುಪಾಸು ತಲೆಮಾರು. ಅಷ್ಟರಲ್ಲಿ ಹೊಸ ಅಡ್ಡಹೆಸರು ಹುಟ್ಟುವುದಿಲ್ಲ, ಇದ್ದದ್ದು ಕಳೆದುಹೋಗಬಹುದು ಅಷ್ಟೇ. ಕಳೆದದ್ದನ್ನು ಅಳೆಯಲು ಮೈಕ್ರೊಸ್ಯಾಟಲೈಟ್ ಬೇಕು. ಡಿಎನ್‌ಎಯಲ್ಲಿ ‘ಸಿಎ ಸಿಎ ಸಿಎ’ ಎಂದು ಮಗ್ಗಿಯ ಹಾಗೆ ತಿರುತಿರುಗಿ ಬರುವ ಜಾಗಗಳವು. ಎಷ್ಟು ಸಲ ಬರುತ್ತದೆ ಎಂಬುದು ಬೇಗ ಬದಲಾಗುತ್ತದೆ, ತಂದೆಯ ಕಡೆಯದೂ ತಾಯಿಯ ಕಡೆಯದೂ ಎರಡೂ ಸಿಗುತ್ತವೆ. ನನ್ನ ಈಗಿನ ದಿನಗಳು ಅದರಲ್ಲೇ ಹೋಗುತ್ತಿವೆ.

ಒಂದು ಕಾಗದದ ಲೆಕ್ಕ ಹೇಳುತ್ತೇನೆ, ಬಾಳಿಯದೇ ಅಂಕಿ ಅಲ್ಲ, ಬರೀ ಸೂತ್ರ. ಪ್ರತಿ ತಲೆಮಾರಿಗೆ ಒಂದು ಗುಂಪು ತನ್ನ ವೈವಿಧ್ಯದಲ್ಲಿ ಕಳೆದುಕೊಳ್ಳುವ ಪಾಲು, ಮರಿ ಮಾಡುವ ಮೀನುಗಳ ಪರಿಣಾಮಕಾರಿ ಸಂಖ್ಯೆಯ (ಮುಂದಿನ ತಲೆಮಾರಿಗೆ ನಿಜಕ್ಕೂ ಪಾಲು ಕೊಡುವವುಗಳ ಲೆಕ್ಕ) ಎರಡರಷ್ಟರಲ್ಲಿ ಒಂದು ಭಾಗ. ಆ ಸಂಖ್ಯೆ 50 ಇದ್ದರೆ ತಲೆಮಾರಿಗೆ ನೂರಕ್ಕೆ ಒಂದು. ಇಪ್ಪತ್ತೈದು ತಲೆಮಾರಿಗೆ ನೂರಕ್ಕೆ ಇಪ್ಪತ್ತೆರಡು ಹೋಯಿತು. 500 ಇದ್ದರೆ ಅದೇ ಅವಧಿಯಲ್ಲಿ ಎರಡೂವರೆ. ಬೇಸಿಗೆಯಲ್ಲಿ ನವಿಲುತೀರ್ಥದ ಅಣೆಕಟ್ಟಿನ ಕೆಳಗಿನ ಮಲಪ್ರಭೆಯನ್ನು ನೋಡಿದಾಗೆಲ್ಲ ಈ ಲೆಕ್ಕ ನೆನಪಾಗುತ್ತದೆ. ಹರಿವಿಲ್ಲ, ಅಲ್ಲಲ್ಲಿ ಮಡು. ಮಡುವಿಗೂ ಮಡುವಿಗೂ ನಡುವೆ ಮರಳು, ಜಾಲಿ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಕೊಣ್ಣೂರು, ಹೊಳೆಆಲೂರನ್ನು ಮುಳುಗಿಸಿತ್ತು ಎಂದರೆ ನಂಬಲಾಗುವುದಿಲ್ಲ. ಮಡುವಿನಲ್ಲಿ ಉಳಿದ ಹತ್ತಿಪ್ಪತ್ತು ಮೀನುಗಳೇ ಮುಂದಿನ ಮಳೆಗೆ ಬೀಜ.

ಆ ಮಡುಗಳೇ ನನಗೆ ಮೂರನೇ ಪಾಠ ಕಲಿಸಿದ್ದು. ಒಂದೇ ಬಲೆಗೆ ಗೇಣುದ್ದದ ಹನ್ನೊಂದು ಮರಿ ಬಿದ್ದವು. ಖುಷಿಯಿಂದ ಹನ್ನೊಂದರದ್ದೂ ರೆಕ್ಕೆ ಕತ್ತರಿಸಿದೆ. ಆಮೇಲೆ ತಿಳಿಯಿತು, ಅವೆಲ್ಲ ಒಂದೇ ತಾಯಿಯ ಮಕ್ಕಳಿರಬಹುದು. ಒಂದು ಮನೆಯ ಹನ್ನೊಂದು ಮಕ್ಕಳ ರಕ್ತ ಪರೀಕ್ಷಿಸಿ ಊರಿನಲ್ಲಿ ವೈವಿಧ್ಯವೇ ಇಲ್ಲ ಎಂದು ಬರೆದ ಹಾಗಾಗುತ್ತಿತ್ತು. ಈಗ ಒಂದು ಬಲೆಗೆ ಎರಡು ಮೀನಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಅದೂ ಬೇರೆ ಬೇರೆ ಅಳತೆಯವು.

ಇಷ್ಟೆಲ್ಲ ಯಾಕೆ, ಮರಿ ಮಾಡಿಸಿ ಹೊಳೆಗೆ ಬಿಟ್ಟರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಕಟ್ಲಾ, ರೋಹು ಬಿಟ್ಟು ರೂಢಿಯಾದ ಮಾತದು. ಕಾವೇರಿಯ ಕಥೆ ಅವರಿಗೆ ಹೇಳುತ್ತೇನೆ. ಅಲ್ಲಿನ ಗೂನುಬೆನ್ನಿನ ದೊಡ್ಡ ಮಹಶೀರ್ ಜಗತ್ಪ್ರಸಿದ್ಧ. ಅದು ಟಾರ್ ರೆಮಾದೇವಿ ಎಂಬ ಜಾತಿ ಎಂದು ಖಚಿತವಾದದ್ದು 2018ರಲ್ಲಿ. ಅಳಿವಿನ ತೀರಾ ಅಂಚಿನದು ಎಂದು ಪಟ್ಟಿಗೆ ಬಂದದ್ದೂ ಅದೇ ವರ್ಷ. ಅಷ್ಟರಲ್ಲಿ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ಇನ್ನೊಂದು ಮಹಶೀರ್, ಕೃಷ್ಣಾ ಕಣಿವೆಯ ಟಾರ್ ಖುದ್ರಿ, ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೆ ಬಂದು ವರ್ಷಗಳೇ ಆಗಿದ್ದವು. ಹೆಸರು ಗೊತ್ತಾಗುವ ಮೊದಲೇ ಮನೆ ಕೈತಪ್ಪಿತ್ತು. ಬಾಳಿಯ ಮರಿ ಬಿಡುವುದಾದರೂ ಯಾವ ಹೊಳೆಯ ತಾಯಿ-ತಂದೆಯ ಮರಿ ಎಂದು ಮೊದಲು ಕೇಳಬೇಕು. ಮೀನುಗಳ ಇಂಥ ಅನುವಂಶಿಕ ಲೆಕ್ಕ ಇಡಲೆಂದೇ 1983ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬ್ಯೂರೋ ಒಂದು ಲಖನೌದಲ್ಲಿದೆ. ಆದರೆ ಚೌಡಯ್ಯದಾನಪುರದ ನಸುಕಿಗೆ ಲಖನೌದಿಂದ ಯಾರೂ ಬರಲಾಗುವುದಿಲ್ಲ, ಇಲ್ಲಿನವರೇ ಕೂಡಿಸಿ ಕೊಡಬೇಕು.

ನನ್ನ ಫಲಿತಾಂಶ ಇಲ್ಲಿ ಬರೆಯುತ್ತಿಲ್ಲ. ಮೈಕ್ರೊಸ್ಯಾಟಲೈಟ್ ಮುಗಿಯದೆ ಅರ್ಧ ಮಾತು ಆಡಿದರೆ ಅದು ಆ ಮಾರುಕಟ್ಟೆಯ ‘ಮಲಪ್ರಭಾದ್ದು’ ಎಂಬ ಉತ್ತರದಂತೆಯೇ ಆಗುತ್ತದೆ.

ಕಳೆದ ಮಳೆಗಾಲದಲ್ಲಿ ನನಗೆ ಡೆಂಗಿ ಆಗಿ ಒಂದು ತಿಂಗಳು ಹೊಳೆಗೆ ಹೋಗಲಾಗಲಿಲ್ಲ. ಕಾಕಾನ ಹತ್ತಿರ ಟ್ಯೂಬು, ಕತ್ತರಿ, ಪೆನ್ಸಿಲು ಬಿಟ್ಟು ಬಂದಿದ್ದೆ. ಹುಷಾರಾಗಿ ಹೋದಾಗ ಏಳು ಟ್ಯೂಬು ಕೈಗಿಟ್ಟರು. ನನ್ನ ಚೀಟಿಗಳಲ್ಲಿ ಹೊಳೆಯ ಹೆಸರು, ತಾರೀಖು, ಜಿಪಿಎಸ್ ಅಂಕಿ ಇರುತ್ತಿತ್ತು. ಅವರು ಎರಡನೇ ಇಯತ್ತೆಯ ದಪ್ಪ ಅಕ್ಷರಗಳಲ್ಲಿ, ಆಲ್ಕೋಹಾಲಿನಲ್ಲಿ ನೆನೆದೂ ಮಾಸದ ಹಾಗೆ ಒತ್ತಿ ಬರೆದಿದ್ದರು: “ಗುಡಿ ಹಿಂದಿನ ಮಡು. ಬಲಕ್ಕಿನ ಕರಿ ಕಲ್ಲಿನ ಬುಡಕ. ಎರಡಾಳು ನೀರು. ಹೆಣ್ಣು, ಹೊಟ್ಟಿ ತುಂಬ ತತ್ತಿ. ಬಿಟ್ಟೀನಿ.”